ಮೊಳೆಗಳ ಬಂಡಿ

ಹೋದ ಮಳೆಗಾಲದಲ್ಲಿ ನಾನೊಂದು ದೋಣಿ ಕಟ್ಟಿದೆ. ನಮ್ಮೂರಿನವರು ಕೇಳಿದರೆ ನಕ್ಕಾರು. ತುಂಗಭದ್ರೆಯ ದಂಡೆಯಲ್ಲಿ ಹುಟ್ಟಿ ಬೆಳೆದರೂ ಒಂದು ದಿನ ಕೈಯಲ್ಲಿ ಹುಟ್ಟು ಹಿಡಿದವನಲ್ಲ ನಾನು. ಈ ದೋಣಿಯೂ ನೀರಿಗಿಳಿಯುವಂಥದಲ್ಲ. ಉದ್ದ ಒಂದು ಗೇಣಿಗೂ ಕಡಿಮೆ. ಅದನ್ನು ಹೊರುವ ಬಂಡಿ, ಎಳೆಯುವ ಆರು ಕುದುರೆ, ಪಕ್ಕದಲ್ಲಿ ನಡೆಯುವ ಎಂಟು ಜನ ಸೈನಿಕರು ಎಲ್ಲ ಸೇರಿ ದೇವರ ಕೋಣೆಯ ಒಂದು ಮಣೆಯ ಮೇಲೆ ಹಿಡಿಸುತ್ತಾರೆ. ನೆಪೋಲಿಯನ್ನನ ಸೈನ್ಯ ಹೊಳೆ ದಾಟಲು ಬಂಡಿಗಳ ಮೇಲೆ ಹೇರಿಕೊಂಡು ಹೋಗುತ್ತಿದ್ದ ಪಾಂಟೂನು ದೋಣಿಯ ಮಾದರಿ ಅದು.

ಅದು ನನ್ನ ಕೈಗೆ ಬಂದದ್ದು ಮೊಮ್ಮಗನಿಂದ. ಮಗಳು ಅಳಿಯ ಹಾಲೆಂಡಿನಲ್ಲಿದ್ದಾರೆ. ಅಲ್ಲಿಯ ಹುಡುಗರಿಗೆ ಇಂಥ ಗೊಂಬೆ ಸೈನ್ಯ ಕಟ್ಟುವ ಹವ್ಯಾಸವಿದೆಯಂತೆ. ನಿಜವಾದ ಅಳತೆಯ ಎಪ್ಪತ್ತೆರಡರಲ್ಲಿ ಒಂದು ಪಾಲು. ಆಳು ಎಂದರೆ ಒಂದಂಗುಲ ಎತ್ತರ. ರಜೆಗೆ ಬಂದಾಗ ಅವನು ಐದಾರು ಪೆಟ್ಟಿಗೆ ತಂದಿದ್ದ. ಕುದುರೆ ಸವಾರರನ್ನು ಕಟ್ಟಿದ, ಫಿರಂಗಿಗಳನ್ನು ಕಟ್ಟಿದ, ಕರಡಿ ಚರ್ಮದ ಟೋಪಿಯ ಕಾವಲು ಪಡೆಯವರಿಗೆ ಬಣ್ಣ ಬಳಿದ. ಒಂದು ಪೆಟ್ಟಿಗೆ ಮಾತ್ರ ಒಡೆಯದೆ ಉಳಿಯಿತು. ಯಾಕೋ ಎಂದು ಕೇಳಿದೆ. “ಅದರಲ್ಲಿ ಯುದ್ಧವೇ ಇಲ್ಲ ತಾತ. ದೋಣಿ, ಹಲಗೆ, ಹಗ್ಗ ಅಷ್ಟೇ. ನೀವೇ ಇಟ್ಟುಕೊಳ್ಳಿ” ಎಂದ.

ಜುಲೈಯಲ್ಲಿ ಜಡಿಮಳೆ ಹಿಡಿದು ಹೊರಗೆ ಕಾಲಿಡಲಾಗದೆ ಕೂತಾಗ ಆ ಪೆಟ್ಟಿಗೆ ಬಿಚ್ಚಿದೆ. ನಾನು ಮೂವತ್ತೊಂದು ವರ್ಷ ಕಾಲೇಜಿನಲ್ಲಿ ಇತಿಹಾಸ ಹೇಳಿದವನು. ನೆಪೋಲಿಯನ್ನನ ಪಾಠವನ್ನು ಪುಸ್ತಕ ನೋಡದೆ ಹೇಳಬಲ್ಲೆ ಎಂಬ ಜಂಬ ನನಗೆ ಇತ್ತು. ಆದರೆ ಮೊದಲ ದಿನವೇ ಗೊತ್ತಾಯಿತು, ಈ ಪೆಟ್ಟಿಗೆಯೊಳಗಿನದು ಒಂದೂ ನನಗೆ ಗೊತ್ತಿಲ್ಲ.

ಬಂಡಿಯ ಮುಂದಿನ ಗಾಲಿ ಚಿಕ್ಕವು, ಹಿಂದಿನವು ದೊಡ್ಡವು. ಯಾಕೆ? ತಿರುವಿನಲ್ಲಿ ಮುಂದಿನ ಗಾಲಿ ಮರದ ದಿಮ್ಮಿಯ ಅಡಿಗೆ ನುಸುಳಬೇಕು, ಇಲ್ಲದಿದ್ದರೆ ಅಷ್ಟು ಉದ್ದದ ಬಂಡಿ ಹಾದಿಯಲ್ಲಿ ಹೊರಳುವುದಿಲ್ಲ. ದೋಣಿ ಎಂದು ನಾನು ತಿಳಿದದ್ದು ಸವಾರಿಯ ದೋಣಿಯನ್ನು. ಇದು ಹಾಗಲ್ಲ. ನಿಜದಲ್ಲಿ ಹತ್ತು ಮೀಟರಿಗೂ ಉದ್ದವಾದ, ತಳ ಚಪ್ಪಟೆಯಾದ, ಜನರನ್ನು ಹೊರುವುದಕ್ಕಿಂತ ರಸ್ತೆಯನ್ನು ಹೊರುವ ದೋಣಿ. ಹೊಳೆಗೆ ಅಡ್ಡಲಾಗಿ ಇಂಥ ದೋಣಿಗಳನ್ನು ಸಾಲಾಗಿ ನಿಲ್ಲಿಸಿ, ಮೂತಿಯನ್ನು ಹರಿವಿನ ಕಡೆ ತಿರುಗಿಸಿ, ಮೇಲ್ಗಡೆಗೆ ಲಂಗರು ಬಿಡುತ್ತಾರೆ. ದೋಣಿಯಿಂದ ದೋಣಿಗೆ ತೊಲೆ, ತೊಲೆಯ ಮೇಲೆ ಅಡ್ಡಡ್ಡ ಹಲಗೆ, ಅಂಚಿಗೆ ಮತ್ತೆ ತೊಲೆಯಿಟ್ಟು ಹಗ್ಗದ ಬಿಗಿತ. ಅದರ ಮೇಲೆ ಫಿರಂಗಿ ಉರುಳಬೇಕು. ದಾಟಿದ ಮೇಲೆ ಎಲ್ಲ ಬಿಚ್ಚಿ ಬಂಡಿಗೇರಿಸಿ ಮುಂದಿನ ಹೊಳೆಗೆ ಓಡಬೇಕು.

ಮಾದರಿ ಕಟ್ಟುವವನಿಗೆ ಒಂದು ಕಷ್ಟವಿದೆ. ಇತಿಹಾಸ ಬರೆಯುವವನಿಗೆ ಆ ಕಷ್ಟವಿಲ್ಲ. “ಸೈನ್ಯ ನದಿಯನ್ನು ದಾಟಿತು” ಎಂದು ನಾವು ಬರೆದುಬಿಡುತ್ತೇವೆ. ಮಾದರಿಯವನು ಹಾಗೆ ಹೇಳಿ ಪಾರಾಗುವಂತಿಲ್ಲ. ಹಗ್ಗ ಎಲ್ಲಿ ಕಟ್ಟಬೇಕು, ಲಂಗರು ಎಲ್ಲಿ ಇಡಬೇಕು, ಸುತ್ತಿಗೆ ಹಿಡಿದವನು ಎಲ್ಲಿ ನಿಲ್ಲಬೇಕು, ಎಲ್ಲಕ್ಕೂ ಉತ್ತರ ಬೇಕು. ಅಂಟು ಹಾಕುವ ಮುನ್ನ ನಿರ್ಧಾರವಾಗಬೇಕು.

ವಿಲಿಯಂ ಸೈಬೋರ್ನ್ ಎಂಬ ಇಂಗ್ಲಿಷ್ ಅಧಿಕಾರಿ ವಾಟರ್‌ಲೂ ಯುದ್ಧದ ಮಾದರಿ ಮಾಡಲು ಹೊರಟು ಇದೇ ಕಷ್ಟಕ್ಕೆ ಸಿಕ್ಕಿದ. 1830ರಲ್ಲಿ ಆ ರಣರಂಗದ ನಡುವಿನ ತೋಟದ ಮನೆಯಲ್ಲಿ ತಿಂಗಳುಗಟ್ಟಲೆ ಇದ್ದು ದಿಣ್ಣೆ ತಗ್ಗುಗಳನ್ನೆಲ್ಲ ಅಳೆದ. ಬದುಕಿ ಉಳಿದಿದ್ದ ಅಧಿಕಾರಿಗಳಿಗೆ ಪತ್ರ ಬರೆದು, ಸಂಜೆ ಏಳರ ಹೊತ್ತಿಗೆ ನೀವು ಎಲ್ಲಿ ನಿಂತಿದ್ದಿರಿ, ಎದುರಿನ ಹೊಲದಲ್ಲಿ ಯಾವ ಬೆಳೆ ಇತ್ತು ಎಂದು ಕೇಳಿದ. ಮಾದರಿ 1838ರಲ್ಲಿ ಲಂಡನ್ನಿನಲ್ಲಿ ಪ್ರದರ್ಶನಕ್ಕೆ ಬಂತು. ಅವನಿಗೆ ಉಳಿದದ್ದು ಸಾಲ. ನಮಗೆ ಉಳಿದದ್ದು ಆ ಪತ್ರಗಳು. ಯುದ್ಧದ ಚರಿತ್ರೆ ಬರೆಯುವವರು ಇವತ್ತಿಗೂ ಅವನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಪ್ಯಾರಿಸ್ಸಿನ ಸೈನ್ಯದ ವಸ್ತುಸಂಗ್ರಹಾಲಯದಲ್ಲೂ ಫಿರಂಗಿ, ಬಂಡಿಗಳ ಚಿಕ್ಕ ಮಾದರಿಗಳ ದೊಡ್ಡ ಸಂಗ್ರಹವಿದೆ. ಎಳೆಯ ಅಧಿಕಾರಿಗಳು ಕೈಯಲ್ಲಿ ಹಿಡಿದು ಕಲಿಯಲೆಂದು ಅಂಥವನ್ನು ಮಾಡಿಸುತ್ತಿದ್ದರು. ಆಟದ ಸಾಮಾನು ಎಂದು ನಾವು ತಿಳಿಯುವುದು ಆಗ ಪಾಠದ ಸಾಮಾನಾಗಿತ್ತು.

ಪಾಠ ಎಂದಾಗ ಒಂದು ಸಂಗತಿ ಹೇಳಬೇಕು. ಎಪ್ಪತ್ತರ ದಶಕದ ಕೊನೆ. ನಾನು ಕೆಲಸಕ್ಕೆ ಸೇರಿದ ಹೊಸತು. ಅಂದು ತರಗತಿಯಲ್ಲಿ ನೆಪೋಲಿಯನ್ ರಷ್ಯಾದ ಮೇಲೆ ದಂಡೆತ್ತಿ ಹೋಗುತ್ತಿದ್ದ. ನೀಮೆನ್ ನದಿಯನ್ನು ದಾಟಿದ ಎಂದೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು, “ಅಷ್ಟು ಮಂದಿ ಹೆಂಗೆ ದಾಟಿದ್ರು ಸಾರ್?” ಎಂದು ಕೇಳಿದ. ಹೊಳೆಸಾಲಿನ ಅಂಬಿಗರ ಹುಡುಗ. ಅವನ ಅಪ್ಪನ ಹರಿಗೋಲಿನಲ್ಲಿ ನಾನೂ ಎಷ್ಟೋ ಸಲ ದಾಟಿದ್ದೆ. “ಸೇತುವೆ ಕಟ್ಟಿಕೊಂಡು ದಾಟಿದರು” ಎಂದೆ. “ಯಾರು ಕಟ್ಟಿದ್ದು ಸಾರ್? ನೀರಿನಾಗೆ ಹೆಂಗೆ ನಿಲ್ಲಿಸಿದ್ರು?” ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವ ಧೈರ್ಯವೂ ಇರಲಿಲ್ಲ. “ಅದೆಲ್ಲ ಪರೀಕ್ಷೆಗೆ ಬರೋದಿಲ್ಲ, ಕೂತ್ಕೋ. ನಿಮ್ಮಪ್ಪನ್ನ ಕೇಳು, ಹೇಳ್ತಾನೆ” ಎಂದೆ. ತರಗತಿ ಘೊಳ್ಳೆಂದು ನಕ್ಕಿತು. ಹುಡುಗ ಕೂತ. ಆ ವರ್ಷದ ಮೇಲೆ ಅವನನ್ನು ನಾನು ಕಾಲೇಜಿನಲ್ಲಿ ನೋಡಿದ ನೆನಪಿಲ್ಲ. ಎಲ್ಲಿ ಹೋದ ಎಂದು ವಿಚಾರಿಸಲೂ ಇಲ್ಲ.

ಆ ಹುಡುಗನಿಗೆ ಹೇಳಬೇಕಾಗಿದ್ದ ಉತ್ತರ ಈ ಗೇಣುದ್ದದ ದೋಣಿಯ ದೆಸೆಯಿಂದ ನನಗೀಗ ಸಿಕ್ಕಿದೆ. ತಡವಾಯಿತು, ಆದರೂ ಹೇಳುತ್ತೇನೆ.

ಸೇತುವೆ ಕಟ್ಟಿದವರು ಅವನ ಅಪ್ಪನಂಥವರೇ. ಫ್ರೆಂಚ್ ಸೈನ್ಯದಲ್ಲಿ ಈ ಕೆಲಸಕ್ಕೆಂದೇ ‘ಪಾಂಟೊನಿಯೇ’ ಎಂಬ ಪಡೆ ಹುಟ್ಟಿದ್ದು ಕ್ರಾಂತಿಯ ಕಾಲದಲ್ಲಿ, ಸ್ಟ್ರಾಸ್‌ಬೂರ್ಗಿನ ಕಡೆಯ ರೈನ್ ನದಿಯ ಅಂಬಿಗರಿಂದ. ಹರಿವು, ಸುಳಿ, ಮರಳುದಿಣ್ಣೆ ಎಲ್ಲ ಹುಟ್ಟಿನಿಂದಲೇ ಬಲ್ಲವರು. 1809ರ ಮೇ ತಿಂಗಳಲ್ಲಿ ವಿಯೆನ್ನಾದ ಹತ್ತಿರ ಡಾನ್ಯೂಬ್ ನದಿಯ ಮೇಲೆ ಇಂಥವರು ಕಟ್ಟಿದ ದೋಣಿಸೇತುವೆಯನ್ನು ಆಸ್ಟ್ರಿಯನ್ನರು ಮುರಿದ ಬಗೆ ಕೇಳಬೇಕು. ಮೇಲಿನಿಂದ ಮರದ ದಿಮ್ಮಿ, ಭಾರ ತುಂಬಿದ ದೋಣಿ, ನದಿಯಲ್ಲಿ ತೇಲುತ್ತಿದ್ದ ಹಿಟ್ಟಿನ ಗಿರಣಿಗಳನ್ನೇ ಬಿಚ್ಚಿ ಹೊಳೆಗೆ ಬಿಟ್ಟರು. ಬೇಸಗೆಯ ಹಿಮ ಕರಗಿ ನದಿ ಉಕ್ಕಿತ್ತು. ಸೇತುವೆ ಮತ್ತೆ ಮತ್ತೆ ಹರಿಯಿತು. ಆಸ್ಪೆರ್ನ್–ಎಸ್ಲಿಂಗ್‌ನಲ್ಲಿ ಹೋರಾಡುತ್ತಿದ್ದವರಿಗೆ ಮದ್ದುಗುಂಡು ದಾಟಿ ಹೋಗಲಿಲ್ಲ. ನೆಪೋಲಿಯನ್ ಹಿಂದೆ ಸರಿಯಬೇಕಾಯಿತು. ಆರು ವಾರ ಕಳೆದು, ಸೇತುವೆಗಳನ್ನು ಮತ್ತೆ ಗಟ್ಟಿಯಾಗಿ ಕಟ್ಟಿಸಿಕೊಂಡ ಮೇಲೆಯೇ ವಾಗ್ರಾಮ್‌ನಲ್ಲಿ ಅವನು ಗೆದ್ದದ್ದು.

1812ರ ಜೂನ್ 23ರ ರಾತ್ರಿ ನೀಮೆನ್ ನದಿಯ ಮೇಲೆ ಮೂರು ದೋಣಿಸೇತುವೆ ಕಟ್ಟಿಸಿದವನು ಜನರಲ್ ಎಬ್ಲೆ. ಫಿರಂಗಿ ದಳದಲ್ಲಿ ಬೆಳೆದವನು, ಐವತ್ತು ದಾಟಿದ್ದವನು. ಬೆಳಗಾಗುವುದರೊಳಗೆ ಸೈನ್ಯ ದಾಟತೊಡಗಿತು. ನನ್ನ ತರಗತಿಯಲ್ಲಿ ಒಂದೇ ಸಾಲಿನಲ್ಲಿ ದಾಟಿಬಿಟ್ಟ ಹೊಳೆ ಅದು.

ಮುಂದಿನದು ಎಲ್ಲರಿಗೂ ಗೊತ್ತು. ಮಾಸ್ಕೋ ಸುಟ್ಟಿತು, ಚಳಿ ಬಂತು, ಸೈನ್ಯ ಹಿಮ್ಮೆಟ್ಟಿತು. “ರಷ್ಯಾದ ಚಳಿ ನೆಪೋಲಿಯನ್ನನನ್ನು ಸೋಲಿಸಿತು” ಎಂದು ಮೂವತ್ತೊಂದು ವರ್ಷ ನೋಟ್ಸ್ ಬರೆಸಿದ್ದೇನೆ. ಸುಳ್ಳೇನಲ್ಲ. ಆದರೆ ಅವನ ಸೈನ್ಯ ನಿರ್ನಾಮದ ಅಂಚಿಗೆ ಬಂದು ನಿಂತ ದಿನ ಅವನಿಗೆ ಎದುರಾದದ್ದು ಚಳಿಯಲ್ಲ, ಚಳಿ ಸಾಲದೆ ಹೋದದ್ದು.

ನವೆಂಬರ್ 20ರ ಸುಮಾರಿಗೆ ಸೈನ್ಯ ಓರ್ಷಾ ಎಂಬ ಊರಿನಲ್ಲಿತ್ತು. ಕುದುರೆಗಳು ಹಸಿವಿನಿಂದ ಸಾಯುತ್ತಿದ್ದವು. ಫಿರಂಗಿ ಎಳೆಯಲು ಕುದುರೆ ಸಾಲದು. ಅಲ್ಲಿ ಅರವತ್ತು ಪಾಂಟೂನು ದೋಣಿಗಳು ತಮ್ಮ ಬಂಡಿಗಳೊಂದಿಗೆ ಇದ್ದವು. ದೋಣಿಗಳನ್ನು ಸುಟ್ಟು ಕುದುರೆಗಳನ್ನು ಫಿರಂಗಿಗೆ ಕಟ್ಟಿ ಎಂದು ನೆಪೋಲಿಯನ್ ಆಜ್ಞೆ ಮಾಡಿದ. ಆ ಹೊತ್ತಿಗೆ ಅದು ಮೂರ್ಖತನವಾಗಿ ಕಂಡಿರಲಾರದು. ಹೊಳೆಗಳು ಹೆಪ್ಪುಗಟ್ಟುತ್ತಿದ್ದವು, ಮುಂದಿನ ನದಿ ಬೆರೆಝಿನಾಕ್ಕೆ ಬೊರಿಸೊವ್‌ನಲ್ಲಿ ಭದ್ರವಾದ ಸೇತುವೆ ಇತ್ತು. ಎಬ್ಲೆ ಹದಿನೈದು ದೋಣಿಯನ್ನಾದರೂ ಉಳಿಸಿಕೊಡಿ ಎಂದು ಬೇಡಿದ. ಒಪ್ಪಿಗೆ ಸಿಗಲಿಲ್ಲ. ಅರವತ್ತೂ ಉರಿದವು.

ಆದರೆ ಎಬ್ಲೆ ಎಲ್ಲವನ್ನೂ ಸುಡಲಿಲ್ಲ. ಹತಾರ, ಮೊಳೆ, ತೊಲೆ ಬಿಗಿಯುವ ಕಬ್ಬಿಣದ ಪಟ್ಟಿ ತುಂಬಿದ ಆರು ಬಂಡಿ, ಇದ್ದಿಲಿನ ಎರಡು ಬಂಡಿ, ಎರಡು ಸಂಚಾರಿ ಕುಲುಮೆ, ಇಷ್ಟನ್ನು ಉಳಿಸಿಕೊಂಡ. ತನ್ನ ಆಳುಗಳ ಕೈಗೂ ಹತಾರ, ಮೊಳೆ ಕೊಟ್ಟು ಹೊರಿಸಿದ. ಅನ್ನವಿಲ್ಲದೆ ಜನ ಬಂದೂಕನ್ನೇ ಬಿಸಾಡಿ ನಡೆಯುತ್ತಿದ್ದ ಹಾದಿಯಲ್ಲಿ ಅವರು ಮೊಳೆ ಹೊತ್ತು ನಡೆದರು.

ಒಂದೆರಡು ದಿನ ಕಳೆಯುವುದರೊಳಗೆ ಎರಡು ಸುದ್ದಿ ಬಂದವು. ಬೊರಿಸೊವ್ ಸೇತುವೆ ರಷ್ಯನ್ನರ ವಶವಾಯಿತು. ಫ್ರೆಂಚರು ಆ ಊರನ್ನು ಮತ್ತೆ ಗೆದ್ದರೂ ಸೇತುವೆ ಉಳಿಯಲಿಲ್ಲ. ಎರಡನೆಯದು, ಚಳಿ ಇಳಿದು ಬೆರೆಝಿನಾದ ಹೆಪ್ಪು ಒಡೆದಿತ್ತು. ಚಳಿ ಹಾಗೇ ಇದ್ದಿದ್ದರೆ ಸೈನ್ಯ ಹೊಳೆಯ ಮೇಲೆಯೇ ನಡೆದು ದಾಟಬಹುದಿತ್ತು. ಈಗ ಬಂಡೆ ಬಂಡೆಯಂಥ ಹಿಮದ ತುಂಡುಗಳು ತೇಲುವ ನೀರು. ಆಚೆ ದಡದಲ್ಲಿ ಚಿಚಾಗೊವ್‌ನ ಸೈನ್ಯ, ಹಿಂದೆ ಮತ್ತೆರಡು ರಷ್ಯನ್ ಸೈನ್ಯಗಳು. ಈಚೆ ದಡಕ್ಕೆ ಬರುತ್ತಿದ್ದವರಲ್ಲಿ ಆಯುಧ ಹಿಡಿದು ನಿಲ್ಲಬಲ್ಲವರು ಮೂವತ್ತು ನಲವತ್ತು ಸಾವಿರ. ಹೆಚ್ಚುಕಡಿಮೆ ಅಷ್ಟೇ ಜನ ಬರಿಗೈಯವರು, ಗಾಯಾಳುಗಳು, ಹೆಂಗಸರು, ಮಕ್ಕಳು.

ಕೊರ್ಬಿನೋ ಎಂಬ ಅಶ್ವದಳದ ಅಧಿಕಾರಿ ಸ್ಟುಡ್ಯಾಂಕಾ ಹಳ್ಳಿಯ ಬಳಿ ಹೊಳೆ ಹಾಯುವ ಜಾಗವೊಂದನ್ನು ಕಂಡಿದ್ದ. ಬೇರೆ ಕಡೆ ದಾಟುವಂತೆ ನಟಿಸಿ ಶತ್ರುವನ್ನು ಅತ್ತ ಸೆಳೆದು, ಎಬ್ಲೆ ನಾನ್ನೂರು ಜನ ಪಾಂಟೊನಿಯೇಗಳೊಂದಿಗೆ ಅಲ್ಲಿಗೆ ಬಂದ. ದೋಣಿ ಇಲ್ಲ. ಹಳ್ಳಿಯ ಮನೆಗಳನ್ನು ಕಿತ್ತು ತೊಲೆ ಮಾಡಿಕೊಂಡರು. ಉಳಿಸಿ ತಂದ ಕುಲುಮೆಯಲ್ಲಿ ಉಳಿಸಿ ತಂದ ಇದ್ದಿಲು ಹಾಕಿ ಕಬ್ಬಿಣ ಕಾಯಿಸಿದರು. ದೋಣಿಗೆ ಬದಲು ನೀರೊಳಗೆ ಮರದ ಕಾಲುಗಳ ಮೇಲೆ ಅಡ್ಡ ತೊಲೆ ಕೂರಿಸಿದ ಚೌಕಟ್ಟುಗಳು. ಫ್ರೆಂಚಿನಲ್ಲಿ ಅದಕ್ಕೆ ಪುಟ್ಟ ಕುದುರೆ ಎಂಬರ್ಥದ ಹೆಸರಿದೆ. ರಕ್ತಮಾಂಸದ ಕುದುರೆಗಳು ಹಾದಿಯಲ್ಲಿ ಬಿದ್ದ ಮೇಲೆ ಸೈನ್ಯವನ್ನು ಹೊತ್ತದ್ದು ಈ ಮರದ ಕುದುರೆಗಳು.

ನವೆಂಬರ್ 26ರ ಬೆಳಿಗ್ಗೆ ನೀರಿಗಿಳಿದರು. ಹೊಳೆಯ ಅಗಲ ಸುಮಾರು ನೂರು ಮೀಟರು. ನಾನು ಲೆಕ್ಕ ಹಾಕಿ ನೋಡಿದೆ. ನನ್ನ ಒಂದಂಗುಲದ ಆಳಿಗೆ ಅದು ನಾಲ್ಕೂವರೆ ಅಡಿ. ನಮ್ಮ ಊಟದ ಮೇಜಿನ ಉದ್ದವೂ ಅಷ್ಟೇ. ಒಂದು ಸೇತುವೆಗೆ ಇಪ್ಪತ್ತಮೂರು ಚೌಕಟ್ಟು. ಮೇಜಿನ ಮೇಲೆ ಮೂರು ಮೂರು ಬೆರಳಿಗೊಂದರಂತೆ ಇಪ್ಪತ್ತಮೂರು ಬೆಂಕಿಕಡ್ಡಿ ಇಟ್ಟೆ. ಒಂದೊಂದು ಕಡ್ಡಿಯ ಬಳಿಯೂ ಭುಜದವರೆಗೆ ನೀರಿನಲ್ಲಿ ನಿಂತ ಆಳುಗಳು. ಎದೆಗೆ ಬಂದು ಬಡಿಯುವ ಹಿಮದ ತುಂಡುಗಳು. ಮನೆಯವಳು ಬಂದು, “ಊಟಕ್ಕೆ ಬಡಿಸಬೇಕು, ಕಡ್ಡಿ ತೆಗೀರಿ” ಎಂದಳು. ಅಂದು ನಾವಿಬ್ಬರೂ ನೆಲದ ಮೇಲೆ ಕೂತು ಉಂಡೆವು.

ಮಧ್ಯಾಹ್ನ ಒಂದು ಗಂಟೆಗೆ ಕಾಲಾಳುಗಳ ಸೇತುವೆ, ನಾಲ್ಕಕ್ಕೆ ಬಂಡಿ ಫಿರಂಗಿಗಳ ಸೇತುವೆ ಮುಗಿದವು. ಕೆಸರು ತಳದಲ್ಲಿ ಭಾರಕ್ಕೆ ಕಾಲುಗಳು ಕುಸಿದವು. ರಾತ್ರಿ ಎಂಟಕ್ಕೆ ಬಂಡಿಗಳ ಸೇತುವೆ ಮುರಿಯಿತು. ಬೆಂಕಿಯ ಪಕ್ಕ ಮಲಗಿದ್ದವರನ್ನು ಎಬ್ಬಿಸಿ ಮತ್ತೆ ನೀರಿಗಿಳಿಸಬೇಕಾಯಿತು. ನಡುರಾತ್ರಿ ಎರಡಕ್ಕೆ ಮತ್ತೆ ಮುರಿಯಿತು. 27ರ ಸಂಜೆ ನಾಲ್ಕಕ್ಕೆ ಮತ್ತೆ. ಎಬ್ಲೆ ಬೈದು ಎಬ್ಬಿಸಲಿಲ್ಲ, ತಾನೂ ನೀರಿಗಿಳಿದ ಎಂದು ಕಂಡವರು ಬರೆದಿದ್ದಾರೆ. ಪ್ರತಿ ಸಲವೂ ಅವರು ಇಳಿದರು, ಪ್ರತಿ ಸಲವೂ ಸೇತುವೆ ಎದ್ದಿತು. 27ರಂದು ನೆಪೋಲಿಯನ್ ದಾಟಿದ.

28ರ ರಾತ್ರಿ ಸೇತುವೆಗಳು ಬರಿದಾಗಿದ್ದವು. ಈಚೆ ದಡದಲ್ಲಿ ಉಳಿದ ಸಾವಿರಾರು ಜನ ದಣಿವಿನಿಂದ ಬೆಂಕಿ ಬಿಟ್ಟು ಏಳಲಿಲ್ಲ. ಈಗಲೇ ದಾಟಿ, ಬೆಳಗಾದರೆ ಸುಡುತ್ತೇನೆ ಎಂದು ಎಬ್ಲೆ ಹೇಳಿ ಕಳಿಸಿದ. 29ರ ಬೆಳಿಗ್ಗೆ ತನಗೆ ಕೊಟ್ಟ ಹೊತ್ತು ಮೀರಿದರೂ ಇನ್ನಷ್ಟು ಕಾದ. ಕೊನೆಗೆ ರಷ್ಯನ್ನರು ಕಣ್ಣಿಗೆ ಬಿದ್ದಾಗ ತನ್ನ ಆಳುಗಳು ಪ್ರಾಣ ಕೊಟ್ಟು ಕಟ್ಟಿದ್ದಕ್ಕೆ ತಾನೇ ಬೆಂಕಿ ಹಚ್ಚಿಸಿದ. ಆಗ ಎಚ್ಚೆತ್ತು ಓಡಿ ಬಂದವರು ಬೆಂಕಿಗೂ ನೀರಿಗೂ ಬಿದ್ದರು. ಇದನ್ನು ಬರೆಯುವಾಗ ಕೈ ತಡೆಯುತ್ತದೆ. ಅವನ ಕೈ ಎಷ್ಟು ತಡೆದಿರಬೇಕು!

ನೀರಿಗಿಳಿದ ಪಾಂಟೊನಿಯೇಗಳಲ್ಲಿ ಬಹುಪಾಲು ಜನ ಮನೆಗೆ ಮರಳಲಿಲ್ಲ. ಎಬ್ಲೆ ಅದೇ ಡಿಸೆಂಬರ್ ಕೊನೆಯಲ್ಲಿ ಕ್ಯೋನಿಗ್ಸ್‌ಬರ್ಗ್‌ನಲ್ಲಿ ತೀರಿಕೊಂಡ. ಅಷ್ಟರಲ್ಲಿ ನೆಪೋಲಿಯನ್ ಸೈನ್ಯವನ್ನು ಬಿಟ್ಟು ಪ್ಯಾರಿಸ್ ಸೇರಿದ್ದ. ಬಾಲ್ಜಾಕ್ 1833ರ ತನ್ನ ‘ಹಳ್ಳಿಯ ವೈದ್ಯ’ ಕಾದಂಬರಿಯಲ್ಲಿ ಬೆರೆಝಿನಾ ಸೇತುವೆ ಕಟ್ಟಿ ಬದುಕುಳಿದ ಒಬ್ಬ ಮುದಿ ಪಾಂಟೊನಿಯೇಯನ್ನು ತಂದಿದ್ದಾನೆ. ಸರಕಾರದಿಂದ ತಕ್ಕ ಪಿಂಚಣಿ ಸಿಗದೆ ಕೂಲಿ ಮಾಡಿ ಬದುಕುವವನು. ಫ್ರೆಂಚರ ಆಡುಮಾತಿನಲ್ಲಿ ಇಂದಿಗೂ ‘ಬೆರೆಝಿನಾ’ ಎಂದರೆ ಸರ್ವನಾಶ. ನನಗೆ ಇದು ವಿಚಿತ್ರವಾಗಿ ಕಾಣುತ್ತದೆ. ಅಲ್ಲಿ ನಾಶವಾದದ್ದು ಹೌದು. ಆದರೆ ಅಷ್ಟೂ ಜನ ನಾಶವಾಗಬೇಕಾದ ಕಡೆ ಸಾವಿರ ಸಾವಿರ ಜನ ದಾಟಿದ್ದೂ ಅಲ್ಲೇ. ನಾಶಕ್ಕೆ ಹೆಸರು ಉಳಿಯಿತು. ದಾಟಿಸಿದ್ದಕ್ಕೆ ಉಳಿಯಲಿಲ್ಲ.

ನಮ್ಮ ಹೊಳೆಯ ಚರಿತ್ರೆಯಲ್ಲೂ ಹೀಗೇ ಆಗಿದೆ. ನೆಪೋಲಿಯನ್ನನನ್ನು ವಾಟರ್‌ಲೂನಲ್ಲಿ ಸೋಲಿಸಿದ ವೆಲಿಂಗ್ಟನ್, ಆಗಿನ್ನೂ ಕರ್ನಲ್ ವೆಲ್ಲೆಸ್ಲಿ, 1800ರ ಜೂನಿನಲ್ಲಿ ಧೋಂಡಿಯಾ ವಾಘನ ಬೆನ್ನು ಹತ್ತಿ ಹರಿಹರದ ಬಳಿ ಇದೇ ತುಂಗಭದ್ರೆಯನ್ನು ದಾಟಿದ. ಈ ಸೀಮೆಯ ಹೊಳೆಗಳಲ್ಲಿ ಅವನು ಕಲಿತ ದೊಡ್ಡ ಪಾಠ ಹರಿಗೋಲಿನದು. ಬಿದಿರು ಹೆಣೆದು ಚರ್ಮ ಹೊದಿಸುವ ಬುಟ್ಟಿದೋಣಿಗಳನ್ನು ಹೇಗೆ ಮಾಡಿಸಬೇಕು ಎಂದು ಅಳತೆ ಸಮೇತ ಬರೆದ ಸೂಚನೆಗಳು ಅವನ ಪತ್ರಗಳಲ್ಲಿವೆ. 1814ರಲ್ಲಿ ಫ್ರಾನ್ಸಿನ ಅದೂರ್ ನದಿಗೆ ಅವನ ಸೈನ್ಯ ದೋಣಿಗಳ ಸೇತುವೆ ಹಾಕಿದ್ದನ್ನು ಸೈನ್ಯದ ಚರಿತ್ರೆಗಳು ಹೊಗಳುತ್ತವೆ. ಅವನಿಗೆ ಹೊಳೆ ದಾಟುವ ಮೊದಲ ಪಾಠ ಹೇಳಿದ ಅಂಬಿಗರ ಹೆಸರು ನಾನು ಓದಿದ ಯಾವ ಪುಸ್ತಕದಲ್ಲೂ ಇಲ್ಲ. ಇದನ್ನಾದರೂ ನಾನು ತರಗತಿಯಲ್ಲಿ ಹೇಳಬಹುದಿತ್ತು. ಹರಿಹರ ನಮ್ಮ ಕಾಲೇಜಿಗೆ ಎಷ್ಟು ದೂರ? ಆ ಹುಡುಗ ತಲೆ ತಗ್ಗಿಸಿ ಕೂರಬೇಕಾಗಿರಲಿಲ್ಲ. “ನಿಮ್ಮಪ್ಪನ್ನ ಕೇಳು” ಎಂದೆನಲ್ಲ, ಆ ಮಾತು ನಿಜವೇ ಆಗಿತ್ತು. ಅದನ್ನು ನಾನು ಗೇಲಿಯಾಗಿ ಆಡಿದ್ದೇ ತಪ್ಪು.

ದೋಣಿ ಬಂಡಿ ಮುಗಿದ ಮೇಲೂ ನನಗೆ ಸಮಾಧಾನವಾಗಲಿಲ್ಲ. ಪೆಟ್ಟಿಗೆಯಲ್ಲಿ ಇದ್ದದ್ದು ಓರ್ಷಾದಲ್ಲಿ ಸುಟ್ಟುಹೋದದ್ದು, ಉಳಿದದ್ದು ಅದರಲ್ಲಿರಲಿಲ್ಲ. ಬೆಂಕಿಪೊಟ್ಟಣದ ಹಲಗೆಯಿಂದ ಒಂದು ಚಿಕ್ಕ ಬಂಡಿ ಮಾಡಿದೆ. ಅಚ್ಚಿಗೆ ಊದುಬತ್ತಿಯ ಕಡ್ಡಿ. ಗಾಲಿಗೆ ಹಳೆಯ ಅಂಗಿಯ ಗುಂಡಿ. ಒಳಗೆ ಗುಂಡುಸೂಜಿಗಳನ್ನು ಸಣ್ಣಗೆ ಕತ್ತರಿಸಿ ತುಂಬಿದೆ, ಮೊಳೆಗಳೆಂದು. ನೋಡಲು ಚೆನ್ನಾಗಿಲ್ಲ. ಒಂದು ಗಾಲಿ ಸೊಟ್ಟ.

ಮೊಮ್ಮಗ ಫೋನಿನಲ್ಲಿ ಚಿತ್ರ ನೋಡಿ, “ದೋಣಿ ಚೆನ್ನಾಗಿದೆ ತಾತ, ಆದರೆ ಆ ಡಬ್ಬ ಏನು?” ಎಂದ. ಹೇಳಿದೆ. ನೀರಿಗಿಳಿದವರಲ್ಲಿ ಅವನಿರುವ ಹಾಲೆಂಡಿನ ಅಂಬಿಗರೂ ಇದ್ದರೆಂದೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ನೀರಿನೊಳಗೆ ಅವರು ಮೊಳೆ ಹೇಗೆ ಹೊಡೆದರು ತಾತ?” ಎಂದು ಕೇಳಿದ.

ನಲವತ್ತು ವರ್ಷಕ್ಕೂ ಹಿಂದೆ ಕೇಳಿದ್ದ ಪ್ರಶ್ನೆಯೇ ತಿರುಗಿ ಬಂದಂತಾಯಿತು. ನೀರಿನಿಂದ ಹೊರಗೆ ಎಷ್ಟು ಜೋಡಿಸಿಕೊಂಡರು, ಒಳಗೆ ಎಷ್ಟು ಬಡಿದರು, ನನಗೆ ಸರಿಯಾಗಿ ಗೊತ್ತಿರಲಿಲ್ಲ. “ಗೊತ್ತಿಲ್ಲ ಮಗೂ. ಒಳ್ಳೆಯ ಪ್ರಶ್ನೆ. ನೋಡಿ ಹೇಳುತ್ತೇನೆ” ಎಂದೆ.